ಕೇಸು ಮುಗಿದಿದೆ, ಕಾಗದ ಎಲ್ಲಿದೆ?

ಸರ್ಕಾರಿ ನೌಕರಿಗೆ ಆಯ್ಕೆಯಾದವರ ಕೈಗೆ ನೇಮಕಾತಿ ಆದೇಶಕ್ಕಿಂತ ಮೊದಲು ಒಂದು ನಮೂನೆ ಬರುತ್ತದೆ. ಹೆಸರು, ತಂದೆಯ ಹೆಸರು, ಕಳೆದ ಐದು ವರ್ಷ ಎಲ್ಲೆಲ್ಲಿ ವಾಸವಿದ್ದಿರಿ ಎಂಬುದೆಲ್ಲ ಆದ ಮೇಲೆ ನಡುವೆ ಎಲ್ಲೋ ಆ ಪ್ರಶ್ನೆ ಇರುತ್ತದೆ. ನಿಮ್ಮನ್ನು ಎಂದಾದರೂ ಬಂಧಿಸಲಾಗಿತ್ತೇ? ನಿಮ್ಮ ಮೇಲೆ ಕ್ರಿಮಿನಲ್ ಪ್ರಕರಣ ದಾಖಲಾಗಿತ್ತೇ? ಆಗಿದ್ದರೆ ಶಿಕ್ಷೆಯಾಯಿತೇ, ಖುಲಾಸೆಯಾಯಿತೇ, ಇನ್ನೂ ಬಾಕಿ ಇದೆಯೇ? ಹೌದು ಅಥವಾ ಇಲ್ಲ ಎಂದು ಬರೆಯಬೇಕು. ಕೆಳಗೆ ಸಹಿ.

ನಮ್ಮ ದೊಡ್ಡಪ್ಪನ ಮಗ ಈ ಪ್ರಶ್ನೆಯ ಮುಂದೆ ಪೆನ್ನು ಹಿಡಿದು ಎರಡು ದಿನ ಕೂತಿದ್ದ. ನಾಲ್ಕು ವರ್ಷ ಕೋಚಿಂಗ್, ಲೈಬ್ರರಿ, ಚಿತ್ರಾನ್ನ ಎಂದು ಕಳೆದು ಕೊನೆಗೂ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದಿತ್ತು. ಆದರೆ 2019ರ ನಮ್ಮೂರ ಜಾತ್ರೆ ಅವನನ್ನು ಬಿಟ್ಟಿರಲಿಲ್ಲ. ಆ ರಾತ್ರಿ ಪಕ್ಕದೂರಿನ ಹುಡುಗರ ಜೊತೆ ತೇರಿನ ಹಗ್ಗದ ವಿಷಯಕ್ಕೆ ನೂಕಾಟವಾಗಿ ಏಳು ಜನರ ಮೇಲೆ ಎಫ್‌ಐಆರ್ ಆಗಿತ್ತು. ಐಪಿಸಿ 341, 323, 504, ಜೊತೆಗೆ 34. ಅಂದರೆ ಅಡ್ಡಗಟ್ಟಿದ್ದು, ಹೊಡೆದಿದ್ದು, ಬೈದಿದ್ದು, ಎಲ್ಲರೂ ಸೇರಿ ಮಾಡಿದ್ದು. ಊರಿನ ಜಗಳಗಳ ಎಫ್‌ಐಆರ್ ನೋಡಿದವರಿಗೆ ಈ ಸಂಖ್ಯೆಗಳು ಮಗ್ಗಿಯಷ್ಟೇ ಪರಿಚಿತ.

‘ಆ ಕೇಸು ಮುಗಿದುಹೋಯ್ತಲ್ಲ’ ಎಂದರು ದೊಡ್ಡಪ್ಪ. ‘2021ರಲ್ಲಿ ಲೋಕ ಅದಾಲತ್‌ನಲ್ಲಿ ಸಹಿ ಹಾಕಿಸಿದರು, ದುಡ್ಡು ಕಟ್ಟಿದೆವು, ಮುಗೀತು.’ ಎಷ್ಟು ದುಡ್ಡು, ಯಾರಿಗೆ ಕಟ್ಟಿದ್ದು ಎಂದರೆ ನೆನಪಿಲ್ಲ. ಅಂದಿನ ವಕೀಲರು ಈಗ ಇಲ್ಲ. ಮನೆಯಲ್ಲಿ ಒಂದು ತುಂಡು ಕಾಗದವೂ ಇಲ್ಲ.

ಇಲ್ಲೇ ಎಲ್ಲ ಸಿಕ್ಕಿಹಾಕಿಕೊಂಡಿದ್ದು. ಇಂಥ ಸಣ್ಣ ಪ್ರಕರಣ ‘ಮುಗಿಯಲು’ ಕನಿಷ್ಠ ಎರಡು ದಾರಿಗಳಿವೆ. ಎರಡೂ ಕಡೆಯವರು ರಾಜಿಯಾದರೆ ಅದು ಕಾನೂನಿನ ಕಣ್ಣಲ್ಲಿ ಖುಲಾಸೆಗೆ ಸಮ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 320ನೇ ಕಲಮು ಇದನ್ನು ನೇರವಾಗಿ ಹೇಳುತ್ತದೆ. ಆದರೆ ಅಲೆದಾಟ ಸಾಕು ಎಂದು ಮ್ಯಾಜಿಸ್ಟ್ರೇಟರ ಮುಂದೆ ‘ತಪ್ಪಾಯಿತು ಸ್ವಾಮಿ’ ಎಂದು ಒಪ್ಪಿಕೊಂಡು ದಂಡ ಕಟ್ಟಿದರೆ ಅದು ಅಪರಾಧಿ ಎಂಬ ತೀರ್ಮಾನ. ದಂಡ ಐನೂರೇ ಇರಲಿ, ಅದು ಶಿಕ್ಷೆಯೇ. ಊರಿನವರ ಬಾಯಲ್ಲಿ ಎರಡಕ್ಕೂ ಒಂದೇ ಮಾತು: ‘ದುಡ್ಡು ಕಟ್ಟಿ ಮುಗಿಸಿಕೊಂಡೆವು.’ ನಮೂನೆಯಲ್ಲಿ ಮಾತ್ರ ಒಂದು ಉತ್ತರಕ್ಕೂ ಇನ್ನೊಂದು ಉತ್ತರಕ್ಕೂ ಒಂದು ನೌಕರಿಯಷ್ಟು ವ್ಯತ್ಯಾಸ.

‘ಇಲ್ಲ ಎಂದು ಬರೆದುಬಿಡು, ಯಾರು ನೋಡುತ್ತಾರೆ’ ಎಂದವರು ಕಮ್ಮಿಯೇನಲ್ಲ. ಈ ಸಲಹೆ ನಿಮಗೂ ಯಾರಾದರೂ ಕೊಟ್ಟರೆ ದಯವಿಟ್ಟು ಕೇಳಬೇಡಿ. 2016ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅವತಾರ್ ಸಿಂಗ್ ಪ್ರಕರಣದಲ್ಲಿ ಇದನ್ನೇ ವಿಚಾರಿಸಿತ್ತು. ಶಿಕ್ಷೆ, ಖುಲಾಸೆ, ಬಂಧನ, ಬಾಕಿ ಪ್ರಕರಣ ಯಾವುದೇ ಇರಲಿ, ಕೇಳಿದ್ದಕ್ಕೆ ಅಭ್ಯರ್ಥಿ ಕೊಡುವ ಮಾಹಿತಿ ಸತ್ಯವಾಗಿರಬೇಕು, ಮುಚ್ಚಿಡಬಾರದು ಎಂದಿತು. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣಗಳನ್ನು ಮುಚ್ಚಿಟ್ಟಿದ್ದರೂ ನೇಮಕಾತಿ ಪ್ರಾಧಿಕಾರ ತನ್ನ ವಿವೇಚನೆಯಿಂದ ಕ್ಷಮಿಸಬಹುದು ಎಂದೂ ಹೇಳಿತು. ಆದರೆ ಕ್ಷಮಿಸುವುದು ಅವರ ವಿವೇಚನೆ, ನಮ್ಮ ಹಕ್ಕಲ್ಲ. ಸತ್ಯ ಹೇಳಿದವನ ಹಿನ್ನೆಲೆಯನ್ನೂ ಅವರು ತೂಗಿ ನೋಡಬಹುದು. ಸುಳ್ಳು ಹೇಳಿ ಸಿಕ್ಕಿಬಿದ್ದವನ ಸ್ಥಿತಿ ಅದಕ್ಕಿಂತ ಕೆಟ್ಟದ್ದು, ಜಗಳಕ್ಕಿಂತ ಸುಳ್ಳೇ ದೊಡ್ಡ ತಪ್ಪಾಗಿಬಿಡುತ್ತದೆ.

ಹಾಗಾದರೆ ಸತ್ಯ ಹೇಳೋಣ. ಸತ್ಯ ಯಾವುದು? ಅದು ನಮ್ಮ ತಾಲ್ಲೂಕು ನ್ಯಾಯಾಲಯದ ದಾಖಲೆ ಕೋಣೆಯಲ್ಲಿತ್ತು.

ನಾನು ಬಿಇ ಆರನೇ ಸೆಮಿಸ್ಟರ್, ಕಂಪ್ಯೂಟರ್ ಸೈನ್ಸ್. ಮನೆಯಲ್ಲಿ ಒಬ್ಬ ಕಂಪ್ಯೂಟರ್ ಓದುತ್ತಿದ್ದಾನೆ ಎಂದರೆ ಪ್ರಿಂಟರ್ ರಿಪೇರಿಯಿಂದ ಹಿಡಿದು ಕೋರ್ಟಿನ ಕಡತ ಹುಡುಕುವ ತನಕ ಎಲ್ಲವೂ ಅವನ ಸಿಲಬಸ್ಸೇ. ಹುಡುಕುವ ಕೆಲಸ ನನಗೆ ಬಂತು.

ಇ-ಕೋರ್ಟ್ಸ್ ಎಂಬ ಜಾಲತಾಣವೂ ಅದೇ ಹೆಸರಿನ ಆ್ಯಪ್ ಕೂಡ ಇದೆ. ದೇಶದ ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳ ಪ್ರಕರಣಗಳ ಸ್ಥಿತಿಯನ್ನು ಯಾರು ಬೇಕಾದರೂ ದುಡ್ಡಿಲ್ಲದೆ ಅಲ್ಲಿ ನೋಡಬಹುದು. ಕೆಲಸ ಹುಡುಕುವ ಎಷ್ಟೋ ಜನ ಲಿಂಕ್ಡ್‌ಇನ್ ಪ್ರೊಫೈಲ್ ತಿದ್ದುತ್ತಾ ಕೂರುತ್ತಾರೆಯೇ ಹೊರತು ಇಲ್ಲಿ ತಮ್ಮ ಹೆಸರನ್ನು ಒಮ್ಮೆಯೂ ಹುಡುಕಿ ನೋಡಿರುವುದಿಲ್ಲ. ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣ ಆರಿಸಿ, ಕಕ್ಷಿದಾರರ ಹೆಸರು ಮತ್ತು ವರ್ಷ ಹಾಕಬೇಕು. ಕ್ಯಾಪ್ಚಾ ತುಂಬಬೇಕು. ನಾನು ಅಣ್ಣನ ಹೆಸರು ಹಾಕಿದೆ. ಏನೂ ಸಿಗಲಿಲ್ಲ.

ಅಣ್ಣನ ಹೆಸರು ಇಲ್ಲಿ ಬೇಡ, ಉದಾಹರಣೆಗೆ ಮಂಜುನಾಥ ಎಂದುಕೊಳ್ಳಿ. ಕನ್ನಡದಲ್ಲಿ ಈ ಹೆಸರನ್ನು ಬರೆಯಲು ಇರುವುದು ಒಂದೇ ರೀತಿ. ಆದರೆ ನ್ಯಾಯಾಲಯದ ಗಣಕದಲ್ಲಿ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೂರಿಸಿದ್ದಾರೆ. ಕೊನೆಯಲ್ಲಿ ಎ ಇದೆಯೋ ಇಲ್ಲವೋ, ಟಿ ಪಕ್ಕ ಎಚ್ ಇದೆಯೋ ಇಲ್ಲವೋ, ಇನಿಷಿಯಲ್ ಮುಂದೆಯೋ ಹಿಂದೆಯೋ, ಅಥವಾ ಠಾಣೆಯಲ್ಲಿ ಯಾರೋ ಹೇಳಿದಂತೆ ಬರೀ ‘ಮಂಜ’ ಎಂದಿದೆಯೋ. ಲಕ್ಷ್ಮಮ್ಮ ಎಂಬ ಹೆಸರಿಗೆ ಇಂಗ್ಲಿಷಿನಲ್ಲಿ ಎಷ್ಟು ಕಾಗುಣಿತ ಸಾಧ್ಯ ಎಂದು ಸುಮ್ಮನೆ ಒಮ್ಮೆ ಬರೆದು ನೋಡಿ. ರಾಜ್ಯದ ಅಧೀನ ನ್ಯಾಯಾಲಯಗಳ ಭಾಷೆ ಕನ್ನಡ ಎಂದು ದಶಕಗಳಿಂದ ಹೇಳಿಕೊಂಡು ಬಂದಿದ್ದೇವೆ. ಹಾಗಿದ್ದೂ ನಮ್ಮ ಹೆಸರನ್ನು ನಾವೇ ಹುಡುಕಲು ಬೇರೆಯವರ ಸ್ಪೆಲ್ಲಿಂಗನ್ನು ಊಹಿಸಬೇಕು. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ಸರಿಪಡಿಸಲು ಅತ್ಯಂತ ಸುಲಭವಾದ, ಆದರೆ ಯಾರೂ ತಲೆಕೆಡಿಸಿಕೊಳ್ಳದ ತೊಂದರೆ ಇದೇ.

ಕೊನೆಗೆ ದಾರಿ ತೋರಿಸಿದ್ದು ಎಫ್‌ಐಆರ್ ಸಂಖ್ಯೆ. 2016ರಲ್ಲಿ ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸೂಕ್ಷ್ಮವಲ್ಲದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಹಾಕಬೇಕು ಎಂದು ಆದೇಶಿಸಿತ್ತು. ಇಂಟರ್ನೆಟ್ ಸಂಪರ್ಕದ ತೊಂದರೆಯಿದ್ದರೆ 48, ಇನ್ನೂ ಕಷ್ಟದ ಜಾಗವಾದರೆ 72 ಗಂಟೆ. ಠಾಣೆ, ವರ್ಷ ಹಾಕಿ ಅಪರಾಧ ಸಂಖ್ಯೆ ಹಿಡಿದೆ. ಅದನ್ನು ಇ-ಕೋರ್ಟ್ಸ್‌ನಲ್ಲಿ ಎಫ್‌ಐಆರ್ ವಿಭಾಗದಲ್ಲಿ ಹಾಕಿದಾಗ ಪ್ರಕರಣ ತೆರೆದುಕೊಂಡಿತು. ಅಣ್ಣನ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಿಗೆ ಇತ್ತು, ಅಷ್ಟೇ.

ಇಲ್ಲಿ ಒಂದು ಗೊಂದಲ ಹಲವರಿಗೆ ಆಗುತ್ತದೆ, ನನಗೂ ಆಯಿತು. ಒಂದೇ ಜಗಳಕ್ಕೆ ಮೂರು ಸಂಖ್ಯೆಗಳಿರುತ್ತವೆ. ಠಾಣೆ ಕೊಡುವುದು ಅಪರಾಧ ಸಂಖ್ಯೆ. ದೋಷಾರೋಪ ಪಟ್ಟಿ ಬಂದು ಮ್ಯಾಜಿಸ್ಟ್ರೇಟರು ಅದನ್ನು ದಾಖಲಿಸಿಕೊಂಡ ಮೇಲೆ ನ್ಯಾಯಾಲಯ ಕೊಡುವುದು ಸಿ.ಸಿ. ಸಂಖ್ಯೆ. ಪ್ರತಿ ನ್ಯಾಯಾಲಯದಲ್ಲೂ ಪ್ರತಿ ವರ್ಷ ಇವು ಒಂದರಿಂದ ಶುರುವಾಗುವುದರಿಂದ ಬರೀ ‘ಸಿ.ಸಿ. 412’ ಎಂದರೆ ಏನೂ ಹೇಳಿದಂತಾಗಲಿಲ್ಲ. ಮೂರನೆಯದು ಸಿಎನ್‌ಆರ್, ಹದಿನಾರು ಅಕ್ಷರ ಮತ್ತು ಅಂಕಿಗಳ ಸಂಕೇತ. ಮೊದಲೆರಡು ಅಕ್ಷರ ರಾಜ್ಯ, ಆಮೇಲೆ ಜಿಲ್ಲೆ ಮತ್ತು ನ್ಯಾಯಾಲಯ, ಮುಂದೆ ಕ್ರಮಸಂಖ್ಯೆ, ಕೊನೆಯ ನಾಲ್ಕು ಅಂಕಿ ವರ್ಷ. ದೇಶದಲ್ಲಿ ಎರಡು ಪ್ರಕರಣಕ್ಕೆ ಒಂದೇ ಸಿಎನ್‌ಆರ್ ಇರುವುದಿಲ್ಲ. ಡಿಬಿಎಂಎಸ್ ಕ್ಲಾಸಿನಲ್ಲಿ ಪ್ರೈಮರಿ ಕೀ ಎಂದು ಉರು ಹೊಡೆದದ್ದು ಜೀವನದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂದದ್ದು ಆವತ್ತು. ನಿಮಗೆ ಸಂಬಂಧಿಸಿದ ಯಾವುದೇ ಪ್ರಕರಣವಿದ್ದರೂ, ಅದು ಅಪ್ಪನ ಜಮೀನಿನ ದಾವೆಯೇ ಇರಲಿ, ಈ ಹದಿನಾರು ಅಕ್ಷರ ಬರೆದಿಟ್ಟುಕೊಳ್ಳಿ. ವಕೀಲರು ಬದಲಾದರೂ ಗುಮಾಸ್ತರು ವರ್ಗವಾದರೂ ಅದು ಬದಲಾಗುವುದಿಲ್ಲ.

ಪರದೆಯ ಮೇಲೆ ಸ್ಥಿತಿ: ಇತ್ಯರ್ಥವಾಗಿದೆ. ಬಗೆ: ಲೋಕ ಅದಾಲತ್. ದಿನಾಂಕ ಇತ್ತು. ಆದರೆ ಆದೇಶ ಎಂದಿರುವಲ್ಲಿ ಒತ್ತಿದರೆ ಏನೂ ಇಲ್ಲ. ಪಿಡಿಎಫ್ ಏರಿಸಿರಲಿಲ್ಲ. ರಾಜಿಯೋ ತಪ್ಪೊಪ್ಪಿಗೆಯೋ? ಲೋಕ ಅದಾಲತ್ ದಿನ ಎರಡೂ ನಡೆಯುತ್ತವೆ.

ಎನ್‌ಎಸ್‌ಎಸ್ ಶಿಬಿರದಲ್ಲಿ ನಮಗೆ ಮಾಹಿತಿ ಹಕ್ಕಿನ ಬಗ್ಗೆ ಒಂದು ಗಂಟೆ ಹೇಳಿಕೊಟ್ಟಿದ್ದರು. ಹತ್ತು ರೂಪಾಯಿ, ಒಂದು ಅರ್ಜಿ, ಮೂವತ್ತು ದಿನ. ಅರ್ಜಿ ಟೈಪ್ ಮಾಡಿಯೂ ಇದ್ದೆ. ಊರಿನ ಪರಿಚಯದ ವಕೀಲೆಯೊಬ್ಬರು ಅದನ್ನು ನೋಡಿ ನಕ್ಕರು. ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಇದನ್ನು ತೀರ್ಮಾನಿಸಿಬಿಟ್ಟಿದೆಯಂತೆ. ನ್ಯಾಯಾಂಗದ ಕಡತಗಳ ಪ್ರತಿ ಬೇಕಿದ್ದರೆ ಆಯಾ ನ್ಯಾಯಾಲಯದ ನಿಯಮದ ಪ್ರಕಾರವೇ ಅರ್ಜಿ ಹಾಕಬೇಕು, ಆರ್‌ಟಿಐ ದಾರಿ ಅಲ್ಲ. ಪ್ರಕರಣಕ್ಕೆ ಸಂಬಂಧವಿಲ್ಲದ ಮೂರನೇ ವ್ಯಕ್ತಿ ಕೇಳುವುದಾದರೆ ಯಾಕೆ ಬೇಕು ಎಂದು ಕಾರಣ ಹೇಳಿ ಪ್ರಮಾಣಪತ್ರದೊಂದಿಗೆ ಕೇಳಬೇಕು. ಆ ಪೀಠದಲ್ಲಿ ನಮ್ಮವರೇ ಆದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಅವರೂ ಇದ್ದರು. ಆಡಳಿತದ ಕಡತಗಳಿಗೆ ಪ್ರಶ್ನೆಯಿಲ್ಲದೆ ಕೊಡುವ ಹಕ್ಕು, ನ್ಯಾಯಾಲಯದ ಕಡತಕ್ಕೆ ಬಂದಾಗ ಕಾರಣ ಕೇಳುವ ಹಕ್ಕಾಗುವುದು ನನಗೆ ಅಷ್ಟು ಸರಿಕಾಣಲಿಲ್ಲ. ಆದರೆ ಅದರ ಇನ್ನೊಂದು ಮುಖ ಆಮೇಲೆ ಗೊತ್ತಾಯಿತು. ಅದಕ್ಕೆ ಬರುತ್ತೇನೆ.

ಉಳಿದ ದಾರಿ ದೃಢೀಕೃತ ನಕಲು. ಸಾರ್ವಜನಿಕ ದಾಖಲೆಯ ಇಂಥ ನಕಲು ಪಡೆಯುವ ಅವಕಾಶ 1872ರ ಸಾಕ್ಷ್ಯ ಕಾಯ್ದೆಯಲ್ಲೇ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದು ಮುಂದುವರಿದಿದೆ. ಜಾಲತಾಣದಲ್ಲಿ ಸಿಗುವ ಪಿಡಿಎಫ್ ಓದಿಕೊಳ್ಳಲು ಸಾಕು. ಇಲಾಖೆಯ ಮುಂದೆ ಇಡಲು ಮೊಹರು, ಸಹಿ ಇರುವ ನಕಲೇ ಬೇಕು.

ತಾಲ್ಲೂಕು ನ್ಯಾಯಾಲಯದ ನಕಲು ವಿಭಾಗ ಕಟ್ಟಡದ ಹಿಂಭಾಗದಲ್ಲಿತ್ತು. ಕಿಟಕಿಯ ಒಳಗಿದ್ದವರು ಒರಟರೇನಲ್ಲ, ಆದರೆ ಅವರ ಮೇಜಿನ ಮೇಲಿದ್ದ ಕಡತಗಳ ಎತ್ತರ ನೋಡಿಯೇ ನನಗೆ ಉತ್ತರ ಗೊತ್ತಾಗಿತ್ತು. ‘ನೀವು ಪಾರ್ಟಿನಾ?’ ಎಂದರು. ಅಲ್ಲ, ಪಾರ್ಟಿಯ ತಮ್ಮ. ಹಾಗಾದರೆ ಅವರೇ ಸಹಿ ಮಾಡಲಿ, ಇಲ್ಲವೇ ವಕೀಲರ ಮೂಲಕ ಬನ್ನಿ. ಮೊದಲ ದಿನ ಹೀಗೆ ಹೋಯಿತು. ಎರಡನೇ ದಿನ ಅಣ್ಣನ ಸಹಿ ಹಾಕಿಸಿ, ಕೋರ್ಟ್ ಫೀ ಸ್ಟಾಂಪ್ ಅಂಟಿಸಿ ಕೊಟ್ಟೆ. ಏನೇನು ಬೇಕು ಎಂಬ ಜಾಗದಲ್ಲಿ ‘ತೀರ್ಪು’ ಎಂದಷ್ಟೇ ಬರೆದಿದ್ದೆ. ಆ ವಕೀಲೆ ಮೊದಲೇ ಫೋನಿನಲ್ಲಿ ಹೇಳಿದ್ದು ನೆನಪಾಗಿ ‘ಆರ್ಡರ್ ಶೀಟ್’ ಎಂದೂ ಸೇರಿಸಿದೆ. ಆರ್ಡರ್ ಶೀಟ್ ಎಂದರೆ ಮೊದಲ ದಿನದಿಂದ ಕೊನೆಯ ದಿನದವರೆಗೆ ಪ್ರತಿ ವಾಯಿದೆಯಲ್ಲಿ ಏನಾಯಿತು ಎಂದು ಬರೆದಿಡುವ ಹಾಳೆ. ಇದನ್ನು ಓದುವವರು ಮರೆಯದೆ ಕೇಳಿ, ಕಥೆಯೆಲ್ಲ ಇರುವುದು ಅದರಲ್ಲೇ.

ಆಮೇಲೆ ಕಾಯುವುದು. ಕಡತ ದಾಖಲೆ ಕೋಣೆಯಿಂದ ಬರಬೇಕು, ಪುಟ ಎಣಿಸಬೇಕು, ಎಷ್ಟು ಶುಲ್ಕ ಎಂದು ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಹಾಕಬೇಕು, ಅದನ್ನು ನೋಡಿ ನಾವು ಕಟ್ಟಬೇಕು. ಎಸ್‌ಎಂಎಸ್ ಬರುವುದಿಲ್ಲವೇ ಎಂದು ಕೇಳಿದೆ. ಬೋರ್ಡ್ ನೋಡಿ ಎಂದರು. ನನಗೆ ಇಂಟರ್ನಲ್ಸ್ ಇತ್ತು. ದೊಡ್ಡಮ್ಮ ತಾನೇ ಹೋಗುತ್ತೇನೆಂದರು. ಶಕ್ತಿ ಯೋಜನೆಯಲ್ಲಿ ಅವರಿಗೆ ಬಸ್ಸು ಉಚಿತವಲ್ಲವೇ! ಓದು ಬಾರದ ದೊಡ್ಡಮ್ಮ ಬೋರ್ಡಿನ ಫೋಟೊ ತೆಗೆಸಿ ವಾಟ್ಸ್‌ಆ್ಯಪ್ ಮಾಡಿಸುತ್ತಿದ್ದರು, ನಾನು ಹಾಸ್ಟೆಲಿನಲ್ಲಿ ಕೂತು ಹಿಗ್ಗಿಸಿ ನಂಬರ್ ಹುಡುಕುತ್ತಿದ್ದೆ. ನಮ್ಮ ರಾಜ್ಯದ ಹೈಕೋರ್ಟ್ ಕಲಾಪವನ್ನು ಯೂಟ್ಯೂಬಿನಲ್ಲಿ ನೇರವಾಗಿ ನೋಡಬಹುದಾದ ಕಾಲದಲ್ಲಿ, ತಾಲ್ಲೂಕು ಕೋರ್ಟಿನ ಎರಡು ಹಾಳೆಗೆ ನಮ್ಮದೇ ಆದ ನೇರಪ್ರಸಾರ ಇದು.

ಸರ್ಕಾರ ದುಡ್ಡು ಇಟ್ಟಿಲ್ಲ ಎನ್ನುವಂತಿಲ್ಲ. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಇ-ಕೋರ್ಟ್ಸ್ ಮೂರನೇ ಹಂತಕ್ಕೆ ನಾಲ್ಕು ವರ್ಷಕ್ಕೆ 7,210 ಕೋಟಿ ರೂಪಾಯಿ ಒಪ್ಪಿತು. ಅದರಲ್ಲಿ ಕಡತಗಳನ್ನು ಸ್ಕ್ಯಾನ್ ಮಾಡಿ ಕಾಪಾಡುವುದಕ್ಕೇ 2,038 ಕೋಟಿ. ಜಿಲ್ಲಾ ಮಟ್ಟದ ನ್ಯಾಯಾಲಯಗಳಲ್ಲಿ ಬಾಕಿ ಇರುವ ಪ್ರಕರಣಗಳೇ 4 ಕೋಟಿಗೂ ಹೆಚ್ಚು. ಮುಗಿದವು ಅದಕ್ಕೆ ಹೊರತು. ಇವೆಲ್ಲ ಸ್ಕ್ಯಾನ್ ಆಗುವುದರೊಳಗೆ ಕೆಲವು ಕಡತಗಳು ಇರುವುದೂ ಇಲ್ಲ. 1917ರ ದಾಖಲೆ ನಾಶ ಕಾಯ್ದೆಯ ಅಡಿಯಲ್ಲಿ ಹೈಕೋರ್ಟುಗಳು ಮಾಡಿರುವ ನಿಯಮದಂತೆ, ನಿಗದಿತ ವರ್ಷ ಕಳೆದ ಮೇಲೆ ಕಡತದ ಹಲವು ಭಾಗಗಳನ್ನು ನಾಶಪಡಿಸಲು ಅವಕಾಶವಿದೆ. ಅಜ್ಜನ ಕಾಲದ ದಾವೆಯ ಸಾಕ್ಷಿ ಹೇಳಿಕೆ ಹುಡುಕಿಕೊಂಡು ಹೋಗುವವರು ತಡಮಾಡಬಾರದು.

ಈ ನಡುವೆ ಹಾಸ್ಟೆಲಿನಲ್ಲಿ ನನ್ನ ಓಡಾಟ ಕೇಳಿ ಒಬ್ಬ ಸೀನಿಯರ್ ತನ್ನ ಕಥೆ ಹೇಳಿದರು. ಕ್ಯಾಂಪಸ್ ಆಯ್ಕೆಯಾಗಿ ಕೆಲಸಕ್ಕೆ ಸೇರುವ ಮುನ್ನ ಹಿನ್ನೆಲೆ ತಪಾಸಣೆ ಮಾಡುವ ಏಜೆನ್ಸಿಯೊಂದು ಇವರ ಹೆಸರಲ್ಲಿ ಚೆಕ್ ಬೌನ್ಸ್ ಪ್ರಕರಣವಿದೆ ಎಂದು ವರದಿ ಕೊಟ್ಟಿತ್ತಂತೆ. ನಿಜವಾಗಿ ಆ ಹೆಸರಿನವರು ಅದೇ ಜಿಲ್ಲೆಯ ಇನ್ನೊಬ್ಬರು, ಐವತ್ತು ದಾಟಿದ ವ್ಯಾಪಾರಿ. ಹೆಸರು ಒಂದೇ, ಇನಿಷಿಯಲ್ ಒಂದೇ. ವರದಿ ಬರೆದವರು ವಯಸ್ಸನ್ನಾದರೂ ನೋಡಬಾರದೇ? ಜಾಲತಾಣದಲ್ಲಿ ವಯಸ್ಸು, ತಂದೆಯ ಹೆಸರು ಎಲ್ಲ ಕಡೆ ಕಾಣುವುದಿಲ್ಲ. ಅದು ಕಾಣುವುದು ಕಡತದೊಳಗೆ. ಕಡತ ಬೇಕೆಂದರೆ ಸೀನಿಯರ್ ಆ ಪ್ರಕರಣದ ಪಾರ್ಟಿಯಲ್ಲ! ತನ್ನದಲ್ಲದ ಕೇಸು ತನ್ನದಲ್ಲ ಎಂದು ತೋರಿಸಲು ಮೂರನೇ ವ್ಯಕ್ತಿಯಾಗಿ ಪ್ರಮಾಣಪತ್ರ ಹಾಕಿ ನಕಲು ತೆಗೆಸಿದರು. ಕೆಲಸಕ್ಕೆ ಸೇರುವುದು ಒಂದೂವರೆ ತಿಂಗಳು ತಡವಾಯಿತು.

ನನ್ನ ರೂಮ್‌ಮೇಟ್‌ನ ಅಕ್ಕ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾರೆ. ಅಲ್ಲಿ 254 ಕೌಂಟಿಗಳು. ನಮ್ಮ ಜಿಲ್ಲೆಯಂತೆ ಎಂದುಕೊಳ್ಳಿ, ಆದರೆ ಹಲವು ನಮ್ಮ ತಾಲ್ಲೂಕಿಗಿಂತ ಕಡಿಮೆ ಜನಸಂಖ್ಯೆಯವು. ಕೌಂಟಿ ಕ್ಲರ್ಕ್ ಎಂಬ ಚುನಾಯಿತ ಅಧಿಕಾರಿಯ ಕಚೇರಿಗೆ ಹೋಗಿ ಯಾರು ಬೇಕಾದರೂ ಸಾಮಾನ್ಯ ಪ್ರಕರಣದ ಕಡತ ಕೇಳಬಹುದು, ನೀನು ಯಾರು, ಯಾಕೆ ಎಂದು ಕೇಳುವುದಿಲ್ಲ. ಫೆಡರಲ್ ನ್ಯಾಯಾಲಯಗಳದ್ದಾದರೆ ಪೇಸರ್ ಎಂಬ ಜಾಲತಾಣ, ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಹೆಚ್ಚೆಂದರೆ 3 ಡಾಲರ್. ಎಷ್ಟು ಚೆನ್ನಾಗಿದೆ ಅಂದುಕೊಂಡೆ. ಅಕ್ಕ ಹೇಳಿದ ಮಾತು ಬೇರೆಯಿತ್ತು. ಇಷ್ಟು ತೆರೆದಿಟ್ಟಿದ್ದರಿಂದಲೇ ಅಲ್ಲಿ ಬಾಡಿಗೆ ಮನೆ ಕೊಡುವವರಿಂದ ಹಿಡಿದು ಎಲ್ಲರೂ ಎಲ್ಲರ ಹಳೆಯ ಕೇಸು ನೋಡುತ್ತಾರಂತೆ. ಆದರೆ ಅವರಲ್ಲಿ 1970ರಿಂದಲೇ ನ್ಯಾಯಯುತ ಸಾಲ ವರದಿ ಕಾಯ್ದೆ ಎಂಬುದೊಂದಿದೆ. ಏಜೆನ್ಸಿಯ ವರದಿ ನಂಬಿ ಕೆಲಸ ನಿರಾಕರಿಸುವುದಾದರೆ, ನಿರಾಕರಿಸುವ ಮೊದಲೇ ಆ ವರದಿಯ ಪ್ರತಿಯನ್ನು ಅಭ್ಯರ್ಥಿಗೆ ಕೊಡಬೇಕು, ತಪ್ಪಿದ್ದರೆ ತಿದ್ದಿಸಲು ಅವಕಾಶ ಕೊಡಬೇಕು. ನಮ್ಮ ಸೀನಿಯರ್‌ಗೆ ವರದಿಯನ್ನು ತೋರಿಸಲೂ ಇಲ್ಲ, ಎಚ್ಆರ್ ಫೋನಿನಲ್ಲಿ ಓದಿ ಹೇಳಿದರು. ಅಮೆರಿಕದವರಂತೆ ಬಾಗಿಲು ತೆರೆಯುವುದು ಮಾತ್ರ ನಮಗೆ ಬಂದಿದೆ, ಬಾಗಿಲ ಪಕ್ಕ ಇಡಬೇಕಾದ ಕಾವಲು ಇನ್ನೂ ಬಂದಿಲ್ಲ.

ನಾನು ಮೊದಲು ಹೇಳಿದ ಇನ್ನೊಂದು ಮುಖ ಇದೇ. 2017ರ ಜನವರಿಯಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ಮುಂದೆ ಒಬ್ಬ ತಂದೆ ಬಂದಿದ್ದರು. ಮಗಳ ಹೆಸರು ಹಾಕಿ ಹುಡುಕಿದರೆ ರಾಜಿಯಾಗಿ ಮುಗಿದ ಹಳೆಯ ಪ್ರಕರಣದ ಆದೇಶ ಅಂತರ್ಜಾಲದಲ್ಲಿ ಸಿಗುತ್ತದೆ, ಅವಳ ಸಂಸಾರಕ್ಕೆ ಅದು ತೊಂದರೆ ಎಂದು. ನ್ಯಾಯಾಲಯ ಒಪ್ಪಿತು. ಹೆಸರು ಹುಡುಕಿದಾಗ ಸಿಗದಂತೆ ನೋಡಿಕೊಳ್ಳಲು ರಿಜಿಸ್ಟ್ರಿಗೆ ಹೇಳಿತು. ಆದರೆ ಯಾರಾದರೂ ದೃಢೀಕೃತ ನಕಲಿಗೆ ಅರ್ಜಿ ಹಾಕಿದರೆ ಅದರಲ್ಲಿ ಹೆಸರು ಇದ್ದೇ ಇರುತ್ತದೆ ಎಂದಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಅರ್ಜಿ ಹಾಕಿದ್ದ ಪುಟ್ಟಸ್ವಾಮಿಯವರೂ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯೇ. ಆ ತಂದೆಗೆ ಸಿಕ್ಕ ಆದೇಶ ನನಗೆ ಬಹಳ ಜಾಣತನದ್ದು ಅನಿಸುತ್ತದೆ. ಕಡತ ಸುಳ್ಳಾಗುವುದಿಲ್ಲ, ಆದರೆ ಮೊಬೈಲು ಹಿಡಿದವರೆಲ್ಲ ಹೆಸರು ಒತ್ತಿ ನೋಡುವ ತಮಾಷೆಯೂ ಆಗುವುದಿಲ್ಲ. ನಿಜವಾಗಿ ಬೇಕಾದವನು ಅರ್ಜಿ ಹಾಕಿ ಪಡೆಯುತ್ತಾನೆ. ಹಾಗಾಗಬೇಕಾದರೆ ಅರ್ಜಿ ಹಾಕಿದವನಿಗೆ ಬೇಗ ಸಿಗಬೇಕು. ಈಗ ಆಗಿರುವುದು ಉಲ್ಟಾ. ಹೆಸರಿಗೆ ಮಸಿ ಬಳಿಯುವಷ್ಟು ಮಾಹಿತಿ ಒಂದು ನಿಮಿಷದಲ್ಲಿ ಸಿಗುತ್ತದೆ, ಮಸಿ ಒರೆಸುವ ಕಾಗದಕ್ಕೆ ವಾರಗಟ್ಟಲೆ.

ನಮ್ಮದು ಹದಿನಾಲ್ಕನೇ ದಿನ ಬಂತು. ನಮೂನೆ ಕೊಡಲು ಇನ್ನು ಮೂರು ದಿನವಿತ್ತು. ಬಸ್ಸು, ಜೆರಾಕ್ಸ್, ಸ್ಟಾಂಪು ಸೇರಿದರೂ ಖರ್ಚು ಐನೂರು ದಾಟಲಿಲ್ಲ. ನಕಲಿನ ಕೊನೆಯ ಪುಟದಲ್ಲಿ ನಾನು ಹುಡುಕುತ್ತಿದ್ದ ಸಾಲು ಇತ್ತು: ಎರಡೂ ಕಡೆಯವರು ರಾಜಿ ಅರ್ಜಿ ಸಲ್ಲಿಸಿದ್ದಾರೆ, 320ನೇ ಕಲಮಿನ ಅಡಿ ಅನುಮತಿ ನೀಡಿ ಆರೋಪಿಗಳನ್ನು ಖುಲಾಸೆಗೊಳಿಸಲಾಗಿದೆ. ದೊಡ್ಡಪ್ಪ ಕಟ್ಟಿದ ದುಡ್ಡು ಆಸ್ಪತ್ರೆ ಖರ್ಚಿಗೆಂದು ಎದುರುಕಡೆಯವರಿಗೆ ಕೊಟ್ಟದ್ದಂತೆ, ಓದಿ ಹೇಳಿದ ಮೇಲೆ ನೆನಪಾಯಿತು. ಅಣ್ಣ ನಮೂನೆಯಲ್ಲಿ ‘ಹೌದು, ಖುಲಾಸೆ’ ಎಂದು ಬರೆದು ನಕಲು ಲಗತ್ತಿಸಿ ಕಳಿಸಿದ. ಏನಾಗುತ್ತದೋ ನೋಡಬೇಕು. ಉತ್ತರ ಇನ್ನೂ ಬಂದಿಲ್ಲ.

ಆದರೆ ಆ ಸಾಲಿನಲ್ಲಿ ಆರೋಪಿಗಳ ಸಂಖ್ಯೆ 1, 2, 3, 5, 7 ಎಂದಿತ್ತು. ಇದ್ದವರು ಏಳು. 4 ಮತ್ತು 6 ಎಲ್ಲಿ ಹೋದರು ಎಂದು ಆರ್ಡರ್ ಶೀಟ್ ಹಿಂದಕ್ಕೆ ತಿರುವಿದೆ. ಕೈಬರಹ, ಅರ್ಧ ಕನ್ನಡ ಅರ್ಧ ಇಂಗ್ಲಿಷ್. 6ನೆಯವನು ಆಗ ಹದಿನೇಳು ವರ್ಷದ ಹುಡುಗ, ಅವನ ಪ್ರಕರಣವನ್ನು ಬಾಲನ್ಯಾಯ ಮಂಡಳಿಗೆ ಕಳಿಸಿದ್ದರು. ಬಾಲನ್ಯಾಯ ಕಾಯ್ದೆ ಅಂಥವರಿಗೆ ಮುಂದೆ ಅನರ್ಹತೆ ಅಂಟಬಾರದು ಎನ್ನುತ್ತದೆ, ಅವನು ಬಚಾವು. 4ನೆಯವನು 2020ರ ಆರಂಭದ ಒಂದು ವಾಯಿದೆಗೆ ಒಬ್ಬನೇ ಬಂದಿದ್ದಾನೆ. ತಪ್ಪೊಪ್ಪಿಕೊಂಡಿದ್ದಾನೆ. ಒಟ್ಟು 1,500 ರೂಪಾಯಿ ದಂಡ ಕಟ್ಟಿದ್ದಾನೆ.

ಅವನು ಯಾರೆಂದು ನನಗೆ ಗೊತ್ತು. ಆಗ ಅವನಿಗೆ ಬೆಂಗಳೂರಿನಲ್ಲಿ ಡೆಲಿವರಿ ಕೆಲಸ ಸಿಕ್ಕಿತ್ತು, ಪ್ರತಿ ವಾಯಿದೆಗೂ ರಜೆ ಕೊಡುತ್ತಿರಲಿಲ್ಲ. ‘ಒಪ್ಪಿಕೊಂಡರೆ ಇವತ್ತೇ ಮುಗಿಯುತ್ತೆ’ ಎಂದು ಯಾರೋ ಹೇಳಿದ್ದರಂತೆ. ಇನ್ನು ಒಂದೂವರೆ ವರ್ಷ ತಡೆದಿದ್ದರೆ ಉಳಿದವರ ಜೊತೆ ಖುಲಾಸೆಯಾಗುತ್ತಿದ್ದ. ಅದೇ ಜಗಳ, ಅದೇ ಹಗ್ಗ. ವಕೀಲೆಯನ್ನು ಕೇಳಿದೆ. ತಾನೇ ಒಪ್ಪಿಕೊಂಡ ಮೇಲೆ ಆದ ಶಿಕ್ಷೆಗೆ ಮೇಲ್ಮನವಿಯ ಅವಕಾಶ ತೀರಾ ಕಡಿಮೆ ಎಂದರು. ಅವತ್ತೇ ಯಾರಾದರೂ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಎಚ್ಚರಿಕೆ ಕೊಟ್ಟು ಬಿಡಿ ಎಂದು ಕೇಳಿದ್ದರೆ, ಶಿಕ್ಷೆಯಿಂದ ಬರುವ ಅನರ್ಹತೆಯಾದರೂ ತಪ್ಪುತ್ತಿತ್ತು ಎಂದರು. ಕೇಳಲು ಅವನ ಪಕ್ಕದಲ್ಲಿ ಯಾರೂ ಇರಲಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿ ಅದೇ ಆವರಣದಲ್ಲಿದೆ, ಉಚಿತ. 15100ಕ್ಕೆ ಫೋನ್ ಮಾಡಿದರೂ ಸಾಕು. ಈಗಲಾದರೂ ಅಲ್ಲಿ ಕರೆದುಕೊಂಡು ಹೋಗಿ, ಏನಾದರೂ ದಾರಿ ಇದ್ದರೂ ಇರಬಹುದು ಎಂದರು.

ಅವನು ಡೆಲಿವರಿ ಬಿಟ್ಟು ವರ್ಷವಾಯಿತು. ಅಣ್ಣನ ಹಳೆಯ ಪುಸ್ತಕಗಳನ್ನೇ ಇಟ್ಟುಕೊಂಡು ಊರಿನ ಗ್ರಂಥಾಲಯದಲ್ಲಿ ಓದುತ್ತಿದ್ದಾನೆ. ಮುಂದಿನ ನೇಮಕಾತಿಗೆ ಅರ್ಜಿಯನ್ನೂ ಹಾಕಿದ್ದಾನೆ. ಕಳೆದ ವಾರ ಊರಿಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, ‘ನಿಮ್ಮಣ್ಣಂದು ಕ್ಲಿಯರ್ ಆಯ್ತಂತಲ್ಲ ಕೇಸು, ನಂದೂ ಅದೇ ತಾನೆ, ಆ ಪೇಪರ್ ಒಂದು ಜೆರಾಕ್ಸ್ ಕೊಡೋ’ ಎಂದ. ನಕಲು ನನ್ನ ಬ್ಯಾಗಿನಲ್ಲೇ ಇತ್ತು. ಬಾ, ಕೂತುಕೋ ಎಂದೆ.